214 ಕೋಟಿಯ ಆ ಸಂಖ್ಯೆ ಅವಿಭಾಜ್ಯ ಅಂತ ಹೇಗೆ ಗೊತ್ತಾಯಿತು?

ಪ್ರಶ್ನೆ: ನನ್ನ ಮಗಳು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳು ಬರೆದ ಪ್ರೋಗ್ರಾಮಿನಲ್ಲಿ ಲೆಕ್ಕ 2147483647 ದಾಟಿದ ಕೂಡಲೇ ಉತ್ತರ ಮೈನಸ್‌ನಲ್ಲಿ ಬರುತ್ತಿತ್ತು. ಕಾರಣ ಹುಡುಕುವಾಗ ಈ ಸಂಖ್ಯೆ ಅವಿಭಾಜ್ಯ ಅಂತಲೂ, ಕಂಪ್ಯೂಟರ್ ಹುಟ್ಟುವ ಮೊದಲೇ ಅದನ್ನು ಸಾಬೀತು ಮಾಡಿದ್ದರು ಅಂತಲೂ ಓದಿದಳಂತೆ. ನಾನು ಪಿಯುಸಿವರೆಗೆ ಗಣಿತ ಓದಿದವನು. ಅಷ್ಟು ದೊಡ್ಡ ಸಂಖ್ಯೆಯನ್ನು ಕೈಯಲ್ಲಿ ಹೇಗೆ ಪರೀಕ್ಷೆ ಮಾಡಿದರು? ಅವಿಭಾಜ್ಯ ಆಗಿದ್ದರಿಂದ ಏನಾದರೂ ಉಪಯೋಗ ಇದೆಯೇ? ಕಂಪ್ಯೂಟರಿನವರು ಅದನ್ನು ಆರಿಸಿಕೊಂಡಿದ್ದೂ ಅದಕ್ಕೇನಾ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ, ಅದು ಸುಲಭ. ಇಲ್ಲ, ಅದಕ್ಕಲ್ಲ. ಕಂಪ್ಯೂಟರ್ ಒಂದು ಪೂರ್ಣಾಂಕಕ್ಕೆ 32 ಬಿಟ್ (0 ಅಥವಾ 1 ಹಿಡಿಯುವ ಒಂದೊಂದು ಮನೆ) ಜಾಗ ಕೊಟ್ಟರೆ, ಒಂದು ಬಿಟ್ ಪ್ಲಸ್ಸೋ ಮೈನಸ್ಸೋ ಅನ್ನುವುದಕ್ಕೆ ಹೋಗುತ್ತದೆ. ಉಳಿದ 31 ಬಿಟ್‌ಗಳಲ್ಲೂ 1 ತುಂಬಿದರೆ 1 + 2 + 4 + 8 ಎಂದು ಕೂಡುತ್ತಾ ಹೋಗಿ 2³¹ − 1 ಸಿಗುತ್ತದೆ. ಅದೇ 2,14,74,83,647. ಅದಕ್ಕೆ ಇನ್ನೊಂದು ಕೂಡಿಸಿದರೆ ಮೈನಸ್ ಬಿಟ್‌ನೊಳಗೆ ಕಾಲಿಟ್ಟ ಹಾಗೆ. ನಿಮ್ಮ ಮಗಳಿಗೆ ಆದದ್ದು ಇಷ್ಟೇ. 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್ ದಾಟಿದಾಗ ಹಳೆಯ ಕಂಪ್ಯೂಟರುಗಳ ಗಡಿಯಾರ ಕೆಡಬಹುದು ಅನ್ನುತ್ತಾರಲ್ಲ, ಅದಕ್ಕೂ ಇದೇ ಕಾರಣ. 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳು ಅಲ್ಲಿಗೆ ಈ ಸಂಖ್ಯೆಯನ್ನು ಮುಟ್ಟುತ್ತವೆ.

ಅವಿಭಾಜ್ಯ ಆಗಿದ್ದು ಕಾಕತಾಳೀಯ. ಅದೇ ಲೆಕ್ಕದಲ್ಲಿ 8 ಬಿಟ್‌ನ ಮಿತಿ 127, ಅದು ಅವಿಭಾಜ್ಯ. 16 ಬಿಟ್‌ನದು 32,767. ಅದು 7 × 31 × 151, ಅವಿಭಾಜ್ಯ ಅಲ್ಲ. ಈಗಿನ 64 ಬಿಟ್ ಯಂತ್ರಗಳ ಮಿತಿ 2⁶³ − 1 ಕೂಡ 7ರಿಂದ ಭಾಗವಾಗುತ್ತದೆ. ಇವುಗಳಲ್ಲಿರುವ 2ರ ಘಾತಗಳು 7, 15, 31, 63, ಈ ನಾಲ್ಕನ್ನು ನೋಡಿ. ಅವಿಭಾಜ್ಯವಾದ ಘಾತಗಳು 7 ಮತ್ತು 31 ಮಾತ್ರ. ಘಾತ ಒಡೆಯುವಂಥದ್ದಾದರೆ ಸಂಖ್ಯೆಯೂ ಒಡೆಯುತ್ತದೆ. 63ರಲ್ಲಿ 3 ಇದೆ, ಹಾಗಾಗಿ 2⁶³ − 1ರಲ್ಲಿ 2³ − 1 ಅಂದರೆ 7 ಇರಲೇಬೇಕು. 15ರಲ್ಲಿ 5 ಇದೆ, ಹಾಗಾಗಿ 32,767ರಲ್ಲಿ 31 ಬಂತು.

ತಿರುಗಿಸಿ ಹೇಳಲು ಮಾತ್ರ ಬರುವುದಿಲ್ಲ. ಘಾತ ಅವಿಭಾಜ್ಯ ಆದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯ ಆಗಬೇಕೆಂದಿಲ್ಲ. 2¹¹ − 1 ಅಂದರೆ 2047, ಅದು 23 × 89. 2²³ − 1ರಲ್ಲಿ 47 ಕೂತಿದೆ. 2²⁹ − 1 ಮೂರು ತುಂಡಾಗುತ್ತದೆ: 233, 1103, 2089. 29 ಕೈಕೊಟ್ಟಿತು, 31 ಉಳಿಯಿತು. ಯಾವುದು ಉಳಿಯುತ್ತದೆ ಅಂತ ಮೊದಲೇ ಹೇಳುವ ಸೂತ್ರ ಇವತ್ತಿಗೂ ಯಾರ ಬಳಿಯೂ ಇಲ್ಲ. ಒಂದೊಂದನ್ನೂ ಪರೀಕ್ಷೆ ಮಾಡಿಯೇ ನೋಡಬೇಕು.

ಇಂಥ ಸಂಖ್ಯೆಗಳಿಗೆ ಮೆರ್ಸೆನ್ ಸಂಖ್ಯೆಗಳು ಅಂತ ಹೆಸರು. ಮೆರ್ಸೆನ್ ಫ್ರಾನ್ಸಿನ ಒಬ್ಬ ಸನ್ಯಾಸಿ. 1644ರಲ್ಲಿ ಅವರು 257ರವರೆಗಿನ ಘಾತಗಳಲ್ಲಿ ಯಾವುವು ಅವಿಭಾಜ್ಯ ಕೊಡುತ್ತವೆ ಅಂತ ಒಂದು ಪಟ್ಟಿ ಮಾಡಿದರು. 31 ಅದರಲ್ಲಿತ್ತು. ಆದರೆ ಆ ಪಟ್ಟಿಯನ್ನು ನಂಬುವ ಹಾಗಿರಲಿಲ್ಲ. 67 ಮತ್ತು 257 ತಪ್ಪಾಗಿ ಸೇರಿದ್ದವು. 61, 89, 107 ಬಿಟ್ಟುಹೋಗಿದ್ದವು. 67ರದ್ದಂತೂ 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅದನ್ನು 193707721 × 761838257287 ಎಂದು ಒಡೆದು ತೋರಿಸಿದರು. ಅಂದರೆ 31ರ ಬಗ್ಗೆ ಮೆರ್ಸೆನ್ ಹೇಳಿದ್ದು ಸರಿಯಾಯಿತು ನಿಜ, ಆದರೆ ಅದು ಸಾಬೀತಾದ ಮಾತಾಗಿರಲಿಲ್ಲ.

ಸಾಬೀತು ಮಾಡಿದವರು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದಾಗ, 1772ರಲ್ಲಿ, ಬರ್ನೂಲಿ ಎಂಬ ಗಣಿತಜ್ಞರಿಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿದರು. ಆ ಹೊತ್ತಿಗೆ ಅವರಿಗೆ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಯಾಕೆಂದರೆ ಈ ಸಂಖ್ಯೆಯ ಮುಖ್ಯ ಗುಣಗಳೆಲ್ಲ ಇಲ್ಲಿಂದಲೇ ಹೊರಡುತ್ತವೆ.

ಶಾಲೆಯಲ್ಲಿ ಕಲಿತ ದಾರಿ ಯಾವುದು? ಸಂಖ್ಯೆಯ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದು. ಇಟಲಿಯ ಕಟಾಲ್ಡಿ 1588ರಲ್ಲಿ 2¹⁹ − 1 ಅಂದರೆ 5,24,287 ಅವಿಭಾಜ್ಯ ಅಂತ ತೋರಿಸಿದ್ದು ಹೀಗೆಯೇ. ಅದರ ವರ್ಗಮೂಲ 724, ತಾಳ್ಮೆ ಇದ್ದರೆ ಸಾಕು. ನಮ್ಮ ಸಂಖ್ಯೆಯ ವರ್ಗಮೂಲ 46,340 ಚಿಲ್ಲರೆ. ಅಲ್ಲಿಯವರೆಗೆ ಸುಮಾರು 4,800 ಅವಿಭಾಜ್ಯಗಳಿವೆ. ಹತ್ತಂಕಿಯ ಸಂಖ್ಯೆಯನ್ನು 4,800 ಸಲ ಕೈಯಲ್ಲಿ ಭಾಗಿಸುವುದು ಅಂದರೆ ಯಾರಿಗೂ ಬೇಡ.

ಆಯ್ಲರ್ ಇನ್ನೊಂದು ಕಡೆಯಿಂದ ಬಂದರು. ಈ ಸಂಖ್ಯೆಗೆ ಒಂದು ಭಾಜಕ ಇದ್ದರೆ ಅದು ಹೇಗಿರಬೇಕು ಅಂತ ಕೇಳಿಕೊಂಡರು. ಕ ಅನ್ನುವ ಅವಿಭಾಜ್ಯ ಸಂಖ್ಯೆ 2³¹ − 1 ಅನ್ನು ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ 2³¹ ಅನ್ನು ಕ ಇಂದ ಭಾಗಿಸಿದಾಗ ಶೇಷ 1. ಈಗ 2, 4, 8, 16 ಎಂದು ಇಮ್ಮಡಿಸುತ್ತಾ, ಪ್ರತಿ ಸಲ ಕ ಇಂದ ಭಾಗಿಸಿ ಶೇಷ ಮಾತ್ರ ಬರೆದುಕೊಳ್ಳಿ. 31ನೇ ಹೆಜ್ಜೆಗೆ 1 ಬರುತ್ತದೆ, ಆಮೇಲೆ ಅದೇ ಸುತ್ತು ಮತ್ತೆ ಶುರುವಾಗುತ್ತದೆ. ಸುತ್ತು ಇನ್ನೂ ಚಿಕ್ಕದಿರಬಹುದೇ? ಇದ್ದರೆ ಅದರ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಹಾಗಾಗಿ ಸುತ್ತಿನ ಉದ್ದ ಸರಿಯಾಗಿ 31.

ಇಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಅವರ ಚಿಕ್ಕ ಪ್ರಮೇಯ ಕೆಲಸಕ್ಕೆ ಬರುತ್ತದೆ. ಕ ಅವಿಭಾಜ್ಯ ಆದರೆ 2ರ (ಕ − 1)ನೇ ಘಾತಕ್ಕೂ ಶೇಷ 1 ಬರಲೇಬೇಕು. ಅಂದರೆ ಕ − 1 ಹೆಜ್ಜೆಗಳಲ್ಲಿ ಪೂರ್ತಿ ಸುತ್ತುಗಳೇ ಆಗಿರಬೇಕು. ಹಾಗಾಗಿ ಕ − 1 ಎಂಬುದು 31ರ ಗುಣಕ. ಅದು ಸಮಸಂಖ್ಯೆಯೂ ಹೌದು, ಆದ್ದರಿಂದ 62ರ ಗುಣಕ. ಒಂದೇ ಏಟಿಗೆ 3, 5, 7, 11, 13 ಎಲ್ಲವೂ ಆಟದಿಂದ ಹೊರಗೆ! ಉಳಿದದ್ದು 62ರ ಗುಣಕಕ್ಕಿಂತ ಒಂದು ಹೆಚ್ಚಿರುವ ಸಂಖ್ಯೆಗಳು ಮಾತ್ರ.

ಇನ್ನೊಂದು ಜರಡಿಯೂ ಇದೆ. 2³¹ಕ್ಕೆ ಶೇಷ 1 ಆದರೆ 2³²ಕ್ಕೆ ಶೇಷ 2. ಆದರೆ 2³² ಅಂದರೆ 2¹⁶ರ ವರ್ಗ. ಅಂದರೆ ಯಾವುದೋ ವರ್ಗಸಂಖ್ಯೆಯನ್ನು ಕ ಇಂದ ಭಾಗಿಸಿದಾಗ ಶೇಷ 2 ಬರುತ್ತಿದೆ. ಹೀಗಾಗಲು ಕ ಅನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಬೇಕು ಅನ್ನುವುದು ಸಂಖ್ಯಾಶಾಸ್ತ್ರದ ಒಂದು ಹಳೆಯ ಫಲಿತಾಂಶ. ಅದರ ಸಾಧನೆ ಇಲ್ಲಿ ಬೇಡ, ಪುಟಗಟ್ಟಲೆ ಆಗುತ್ತದೆ. ಎರಡೂ ಜರಡಿ ಸೇರಿಸಿದರೆ ಭಾಜಕ 248ರ ಗುಣಕಕ್ಕೆ 1 ಅಥವಾ 63 ಸೇರಿಸಿದ ಹಾಗಿರಬೇಕು. 46,340ರೊಳಗೆ ಅಂಥವು 372 ಮಾತ್ರ. 249, 311, 497, 559 ಹೀಗೆ ಸಾಗುವ ಇವುಗಳಲ್ಲಿ ಹೆಚ್ಚಿನವು ತಾವೇ ಒಡೆಯುತ್ತವೆ. 249ರಲ್ಲಿ 3 ಇದೆ, 497ರಲ್ಲಿ 7 ಇದೆ, 559ರಲ್ಲಿ 13 ಇದೆ. ಅವಿಭಾಜ್ಯಗಳನ್ನಷ್ಟೇ ಆರಿಸಿದರೆ ನೂರಕ್ಕೂ ಕಡಿಮೆ. ಮೊದಲನೆಯದು 311, ಶೇಷ 35. ಎರಡನೆಯದು 1303, ಶೇಷ 226. ಆಮೇಲೆ 1489. ಹೀಗೆ ಕೊನೆಯವರೆಗೂ ಯಾವುದೂ ಭಾಗಿಸುವುದಿಲ್ಲ. ಅಲ್ಲಿಗೆ ಸಾಬೀತು. 4,800 ಭಾಗಾಕಾರ ಎಲ್ಲಿ, ನೂರರೊಳಗೆ ಎಲ್ಲಿ!

ಈ ಉಪಾಯ ಆಯ್ಲರ್‌ಗೆ ಹೊಸದಾಗಿರಲಿಲ್ಲ. ಅದಕ್ಕೂ 40 ವರ್ಷ ಮೊದಲು, 1732ರಲ್ಲಿ, ಇದಕ್ಕೆ ತುಂಬ ಹತ್ತಿರದ 2³² + 1 ಅನ್ನು ಅವರು ಮುರಿದಿದ್ದರು. ಅದು ಅವಿಭಾಜ್ಯ ಅಂತ ಫರ್ಮಾ ನಂಬಿದ್ದರು. ಅದರ ಭಾಜಕ 64ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು. 641 ಹಾಗಿದೆ, ಭಾಗಿಸಿಯೂ ಭಾಗಿಸಿತು: 4,29,49,67,297 = 641 × 67,00,417. ನನ್ನನ್ನು ಕೇಳಿದರೆ 1732ರದ್ದಕ್ಕಿಂತ 1772ರ ಕೆಲಸವೇ ದೊಡ್ಡದು. ಒಡೆಯುವುದಕ್ಕೆ ಒಂದು ಭಾಜಕ ಸಿಕ್ಕರೆ ಸಾಕು. ಒಡೆಯುವುದಿಲ್ಲ ಅನ್ನುವುದಕ್ಕೆ ಒಂದೂ ಬಿಡದೆ ನೋಡಬೇಕು, ನಡುವೆ ಒಂದು ಭಾಗಾಕಾರ ತಪ್ಪಿದರೂ ಪೂರ್ತಿ ಕೆಲಸ ವ್ಯರ್ಥ.

19ನೇ ಶತಮಾನದ ಮಧ್ಯದವರೆಗೂ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ ಆಗಿತ್ತು. 1811ರಲ್ಲಿ ಪೀಟರ್ ಬಾರ್ಲೋ ಎಂಬ ಇಂಗ್ಲಿಷ್ ಗಣಿತಜ್ಞ ಇದರಿಂದ ಸಿಗುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಯಾವತ್ತೂ ಕಂಡುಹಿಡಿಯುವುದಿಲ್ಲ ಎಂದು ಬರೆದರು. ಇಂಥವು ಕುತೂಹಲಕ್ಕಷ್ಟೇ, ಉಪಯೋಗ ಏನೂ ಇಲ್ಲ, ಸುಮ್ನೆ ಯಾರು ಒದ್ದಾಡುತ್ತಾರೆ ಅನ್ನುವುದು ಅವರ ವಾದ. ಪಾಪ, ಗಣಿತದವರ ಸ್ವಭಾವ ಅವರಿಗೆ ಗೊತ್ತಿರಬೇಕಿತ್ತು.

ಪರಿಪೂರ್ಣ ಸಂಖ್ಯೆ ಅಂದರೆ, ತನ್ನನ್ನು ಬಿಟ್ಟು ಉಳಿದ ಎಲ್ಲ ಭಾಜಕಗಳನ್ನು ಕೂಡಿದರೆ ತನ್ನಷ್ಟೇ ಬರುವ ಸಂಖ್ಯೆ. 6 = 1 + 2 + 3. 28 = 1 + 2 + 4 + 7 + 14. ಆಮೇಲೆ 496, 8128. ಇವನ್ನು 2 × 3, 4 × 7, 16 × 31, 64 × 127 ಎಂದು ಬರೆದು ನೋಡಿ. ಎರಡನೇ ಅಪವರ್ತನ ಪ್ರತಿ ಸಲವೂ ಮೆರ್ಸೆನ್ ಅವಿಭಾಜ್ಯ. ಹಾಗೆ ಮಾಡಿದರೆ ಪರಿಪೂರ್ಣ ಸಂಖ್ಯೆ ಸಿಗುತ್ತದೆ ಅಂತ ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ತೋರಿಸಿದ್ದರು. ಸಮಸಂಖ್ಯೆಗಳಲ್ಲಿ ಬೇರೆ ಬಗೆಯ ಪರಿಪೂರ್ಣ ಸಂಖ್ಯೆ ಇಲ್ಲ ಅಂತ ತೋರಿಸಿದ್ದು ಮತ್ತೆ ಆಯ್ಲರ್. ನಮ್ಮ ಸಂಖ್ಯೆಯನ್ನು 2³⁰ ಇಂದ ಗುಣಿಸಿದರೆ ಎಂಟನೇ ಪರಿಪೂರ್ಣ ಸಂಖ್ಯೆ ಬರುತ್ತದೆ: 2305843008139952128. ಬಾರ್ಲೋ ಕೊನೆಯದು ಅಂದುಕೊಂಡಿದ್ದು ಇದನ್ನೇ.

ಉಪಯೋಗ ಇಲ್ಲ ಅನ್ನುವ ಮಾತೂ ನಿಲ್ಲಲಿಲ್ಲ. ಕಂಪ್ಯೂಟರುಗಳಿಗೆ ಯಾದೃಚ್ಛಿಕ ಸಂಖ್ಯೆಗಳು, ಅಂದರೆ ದಾಳ ಉರುಳಿಸಿದಂತೆ ಬರುವ ಸಂಖ್ಯೆಗಳು, ಬೇಕಾದಾಗ ಈ ಅವಿಭಾಜ್ಯ ಕೈಹಿಡಿಯಿತು. ವಿಧಾನ ತುಂಬ ಸರಳ. ಒಂದು ಸಂಖ್ಯೆ ತೆಗೆದುಕೊಳ್ಳಿ, 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಟುಕೊಳ್ಳಿ. ಆ ಶೇಷವನ್ನೇ ಮತ್ತೆ ಗುಣಿಸಿ. 1ರಿಂದ ಶುರು ಮಾಡಿದರೆ 16807, 282475249, 1622650073, 984943658 ಹೀಗೆ ಹೋಗುತ್ತದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವಾಗಿ ಇಟ್ಟುಕೊಳ್ಳಿ ಅಂದರು. ಸಿ++ ಭಾಷೆಯ ಗ್ರಂಥಾಲಯದಲ್ಲಿ ಇದು ಇವತ್ತಿಗೂ ಇದೆ, ಮಗಳಿಗೆ ಹೇಳಿ.

16807 ಯಾಕೆ? ಅದು 7ರ ಐದನೇ ಘಾತ. 7ರ ಘಾತಗಳ ಶೇಷಗಳು 1ರಿಂದ 2147483646ರವರೆಗಿನ ಪ್ರತಿಯೊಂದು ಸಂಖ್ಯೆಯನ್ನೂ ಒಮ್ಮೊಮ್ಮೆ ಮುಟ್ಟಿ ಆಮೇಲೆಯೇ 1ಕ್ಕೆ ಮರಳುತ್ತವೆ. ಇಂಥ ಸಂಖ್ಯೆಗೆ ಆದಿಮೂಲ ಅನ್ನುತ್ತಾರೆ. ಈ ಅವಿಭಾಜ್ಯಕ್ಕೆ ಅತಿ ಚಿಕ್ಕ ಆದಿಮೂಲ 7. ಅದರ ಐದನೇ ಘಾತಕ್ಕೂ ಅದೇ ಗುಣ ಉಳಿಯಬೇಕಾದರೆ 2147483646ರಲ್ಲಿ 5 ಇರಬಾರದು. ಅದು 2 × 9 × 7 × 11 × 31 × 151 × 331, 5 ಎಲ್ಲೂ ಇಲ್ಲ. ಅದೇ 2ನ್ನೇ ಹಿಡಿದು ಗುಣಿಸಿದ್ದರೆ 31ನೇ ಹೆಜ್ಜೆಗೇ 1 ಬಂದು ಕಥೆ ಮುಗಿಯುತ್ತಿತ್ತು. ಮಾಡ್ಯುಲಸ್, ಅಂದರೆ ಪ್ರತಿ ಸಲ ಯಾವುದರಿಂದ ಭಾಗಿಸುತ್ತೇವೋ ಆ ಸಂಖ್ಯೆ, ಅವಿಭಾಜ್ಯ ಆಗದಿದ್ದರೆ ಇಷ್ಟು ಉದ್ದದ ಸುತ್ತು ಸಿಗುವುದೇ ಇಲ್ಲ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು. ಮಿತಿಯಾಗಿ ಬಂದಾಗ ಅವಿಭಾಜ್ಯ ಆಗಿದ್ದು ಆಕಸ್ಮಿಕ. ಇಲ್ಲಿ ಆರಿಸಿಕೊಂಡಿದ್ದೇ ಅದಕ್ಕೆ.

ಇನ್ನೊಂದು ಅನುಕೂಲ ಇದೆ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಬರುವ ಶೇಷಕ್ಕೆ ಅಂಕಿಗಳನ್ನು ಕೂಡಿದರೆ ಸಾಕು, ಅಲ್ವಾ? 10ನ್ನು 9ರಿಂದ ಭಾಗಿಸಿದರೆ ಶೇಷ 1 ಅನ್ನುವುದೇ ಅದರ ಗುಟ್ಟು. ಇಲ್ಲಿ 2³¹ಕ್ಕೆ ಶೇಷ 1. ಹಾಗಾಗಿ ಕಂಪ್ಯೂಟರ್ ಭಾಗಿಸುವ ಗೋಜಿಗೇ ಹೋಗಬೇಕಿಲ್ಲ. ಮೇಲಿನ ಉದಾಹರಣೆಯಲ್ಲಿ 1622650073 × 16807 = 27271879776911. ಬೈನರಿಯಲ್ಲಿ ಇದರ ಕೆಳಗಿನ 31 ಬಿಟ್‌ಗಳನ್ನು ಕತ್ತರಿಸಿದರೆ ಮೇಲಿನ ತುಂಡು 12699, ಕೆಳಗಿನ ತುಂಡು 984930959. ಎರಡನ್ನೂ ಕೂಡಿ: 984943658. ಶೇಷ ಸಿಕ್ಕಿತು. ಕತ್ತರಿಸುವುದು, ಕೂಡುವುದು, ಎರಡೂ ಯಂತ್ರಕ್ಕೆ ಕ್ಷಣದ ಕೆಲಸ. ಆಯ್ಲರ್ ಭಾಜಕಗಳನ್ನು ಜರಡಿ ಹಿಡಿದದ್ದೂ ಈ ‘ಶೇಷ 1’ರಿಂದಲೇ ಅನ್ನುವುದನ್ನು ನೆನಪಿಸಿಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೂಡ 32 ಬಿಟ್ ಯಂತ್ರಗಳಲ್ಲಿ ಸಂಖ್ಯೆಗಳ ಹ್ಯಾಶ್ (ಬೇಗ ಹುಡುಕಲು ಕೊಡುವ ಗುರುತಿನ ಸಂಖ್ಯೆ) ಲೆಕ್ಕಕ್ಕೆ ಇದೇ ಅವಿಭಾಜ್ಯವನ್ನು ಬಳಸುತ್ತದೆ. 64 ಬಿಟ್ ಯಂತ್ರಗಳಲ್ಲಿ 2⁶¹ − 1, ಅಂದರೆ ಮೆರ್ಸೆನ್ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಅದೇ 61.

ಒಂದು ಎಚ್ಚರಿಕೆ. ಬ್ಯಾಂಕ್ ವ್ಯವಹಾರದ ಗುಪ್ತಲಿಪಿಗೆ ಇದು ಯಾವ ಮೂಲೆಗೂ ಸಾಲದು. ಅಲ್ಲಿ ಬಳಸುವ ಆರ್‌ಎಸ್‌ಎ ಪದ್ಧತಿಯ ಅವಿಭಾಜ್ಯಗಳು 300 ಅಂಕಿಗಳಿಗೂ ಉದ್ದ. ಮೇಲಿನ ಯಾದೃಚ್ಛಿಕ ವಿಧಾನವನ್ನೂ ಪಾಸ್‌ವರ್ಡ್ ತಯಾರಿಸಲು ಬಳಸಬಾರದು. ಒಂದು ಸಂಖ್ಯೆ ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗುತ್ತದೆ.

ಇವತ್ತು ಯಾರೂ ಆಯ್ಲರ್ ದಾರಿಯಲ್ಲಿ ಪರೀಕ್ಷಿಸುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಲೂಕಾ 19ನೇ ಶತಮಾನದಲ್ಲಿ ಕಂಡುಕೊಂಡು, ಅಮೆರಿಕದ ಲೆಹ್ಮರ್ 1930ರ ದಶಕದಲ್ಲಿ ಒಪ್ಪ ಮಾಡಿದ ಪರೀಕ್ಷೆಯಲ್ಲಿ ಭಾಜಕ ಹುಡುಕುವ ಕೆಲಸವೇ ಇಲ್ಲ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ 0 ಬಂದರೆ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ. 2⁵ − 1 ಅಂದರೆ 31ಕ್ಕೆ ಮಾಡೋಣ. 4, ಆಮೇಲೆ 14, ಆಮೇಲೆ 194, ಅದರ ಶೇಷ 8. ಆಮೇಲೆ 64 − 2 = 62, ಶೇಷ 0. ಮೂರು ಹೆಜ್ಜೆಗೆ ಮುಗಿಯಿತು. 2047ಕ್ಕೆ ಒಂಬತ್ತು ಹೆಜ್ಜೆ ಹಾಕಿದರೆ ಕೊನೆಗೆ ಉಳಿಯುವುದು 1736, ಸೊನ್ನೆಯಲ್ಲ. ನಮ್ಮ ಸಂಖ್ಯೆಗೆ 29 ಹೆಜ್ಜೆ ಸಾಕು. ಲೂಕಾ 1876ರಲ್ಲಿ 39 ಅಂಕಿಯ 2¹²⁷ − 1 ಅವಿಭಾಜ್ಯ ಅಂತ ಕೈಲೆಕ್ಕದಲ್ಲೇ ತೋರಿಸಿದರು. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2ರ 136279841ನೇ ಘಾತದಲ್ಲಿ ಒಂದು ಕಳೆದ ಸಂಖ್ಯೆಗೆ 4,10,24,320 ಅಂಕಿಗಳಿವೆ. ಅದಕ್ಕೂ ಕೊನೆಯ ಮುದ್ರೆ ಬಿದ್ದದ್ದು ಇದೇ ಪರೀಕ್ಷೆಯಿಂದ.

ನಿಮಗೆ ಕುತೂಹಲ ಇರಬಹುದಾದ ಇನ್ನೆರಡು ಸಂಗತಿ. ಇದಕ್ಕೆ ಅವಳಿ, ಅಂದರೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಇರುವ ಅವಿಭಾಜ್ಯ, ಇಲ್ಲ. 2147483645 ಐದರಲ್ಲಿ ಕೊನೆಯಾಗುತ್ತದೆ, 2147483649 ಮೂರರಿಂದ ಭಾಗವಾಗುತ್ತದೆ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಎರಡನೆಯದು, ಘಾತದಲ್ಲಿರುವ 31 ಕೂಡ 2⁵ − 1, ತಾನೇ ಒಂದು ಮೆರ್ಸೆನ್ ಅವಿಭಾಜ್ಯ. ಇಂಥ ಜೋಡಿ ಮೆರ್ಸೆನ್ ಅವಿಭಾಜ್ಯಗಳು ಇದುವರೆಗೆ ಸಿಕ್ಕಿರುವುದು ನಾಲ್ಕೇ: 7, 127, ನಮ್ಮದು, ಮತ್ತು ಲೂಕಾ ಅವರ 2¹²⁷ − 1. ಹಾಗಾದರೆ ಘಾತಕ್ಕೆ 2147483647 ಅನ್ನೇ ಇಟ್ಟರೆ? ಆ ಸಂಖ್ಯೆಗೆ 64 ಕೋಟಿಗೂ ಹೆಚ್ಚು ಅಂಕಿಗಳು, ಆದರೆ ಅದು ಅವಿಭಾಜ್ಯ ಅಲ್ಲ. 295257526626031 ಅದನ್ನು ಭಾಗಿಸುತ್ತದೆ. ಈ ಭಾಜಕದಲ್ಲಿ ಒಂದು ಕಳೆದು 2147483647ರಿಂದ ಭಾಗಿಸಿ ನೋಡಿ, ಸರಿಯಾಗಿ 137490 ಬರುತ್ತದೆ. ಆಯ್ಲರ್ ಹೇಳಿದ ನಿಯಮಕ್ಕೆ ಇದೂ ಬದ್ಧ.

ಕೈಯಲ್ಲಿ ಮಾಡಿ ನೋಡುವ ಆಸೆ ಇದ್ದರೆ 31ರಿಂದ ಶುರು ಮಾಡಬೇಡಿ, ಬೇಸರವಾಗುತ್ತದೆ. 2¹⁷ − 1 ಅಂದರೆ 1,31,071 ತೆಗೆದುಕೊಳ್ಳಿ. ವರ್ಗಮೂಲ 362. ಭಾಜಕ 34ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು, ಅವಿಭಾಜ್ಯವೂ ಆಗಿರಬೇಕು. 362ರೊಳಗೆ ಅಂಥವು ಮೂರೇ ಮೂರು: 103, 137, 239. ಭಾಗಿಸಿದರೆ ಶೇಷಗಳು ಕ್ರಮವಾಗಿ 55, 99, 99. ಮೂರು ಭಾಗಾಕಾರ, ಅರ್ಧ ಪುಟ, ಒಂದು ಲಕ್ಷ ದಾಟಿದ ಸಂಖ್ಯೆ ಅವಿಭಾಜ್ಯ ಅಂತ ನೀವೇ ಸಾಬೀತು ಮಾಡಿದ ಹಾಗಾಯಿತು. 99 ಎರಡು ಸಲ ಬಂದದ್ದು ಯಾಕೆ ಅಂತ ಮಗಳನ್ನು ಕೇಳಿ. 130972 ಅನ್ನು ಒಡೆದು ನೋಡಿದರೆ ಅವಳಿಗೆ ಗೊತ್ತಾಗುತ್ತದೆ.